ಕೈಗೆಟುಕುವ ದೂರದಲ್ಲಿದ್ದ ಚೀಟಿ: ಲಾಸ್ ಏಂಜಲೀಸ್ ಟವರ್, ಫೆಬ್ರವರಿ 1, 1991

ಏರ್‌ಪೋರ್ಟ್ ಟವರ್ ಅಂದರೆ ಜನರ ಕಣ್ಣಿಗೆ ಕಟ್ಟುವುದು ಹೆಡ್‌ಸೆಟ್ ಹಾಕಿಕೊಂಡು ಪೈಲಟ್ ಜೊತೆ ಮಾತಾಡುವ ಕಂಟ್ರೋಲರ್. ಅವರ ಪಕ್ಕದಲ್ಲಿ ಇನ್ನೊಂದು ಸೀಟು ಇರುತ್ತದೆ. ನಾನು ವರ್ಷಗಟ್ಟಲೆ ಕೂತದ್ದು ಅಲ್ಲಿ. ಕೋಆರ್ಡಿನೇಟರ್ ಅಂತ ಹೆಸರು. ಕೆಲವು ಕಡೆ ಅಸಿಸ್ಟ್ ಅಂತಲೂ ಕರೆಯುತ್ತಾರೆ. ಆ ಸೀಟಿನಲ್ಲಿ ಕೂತವರು ವಿಮಾನದ ಜೊತೆ ಒಂದು ಮಾತೂ ಆಡುವುದಿಲ್ಲ. ಮಾತೆಲ್ಲ ಹಾಟ್‌ಲೈನ್ ಫೋನಿನಲ್ಲಿ. ಏರ್‌ಪೋರ್ಟಿನ ಸುತ್ತಲ ಆಕಾಶದ ವಿಮಾನಗಳನ್ನು ನೋಡಿಕೊಳ್ಳುವ ಅಪ್ರೋಚ್ ರೇಡಾರ್‌ನವರು, ಫೈರ್ ಸ್ಟೇಷನ್, ರನ್‌ವೇ ನೋಡಲು ಹೋಗುವ ಜೀಪು, ಹಕ್ಕಿ ಓಡಿಸುವವರು, ಹವಾಮಾನದವರು, ಹೀಗೆ. ಮಗಳು ಚಿಕ್ಕವಳಿದ್ದಾಗ ಯಾರಾದರೂ ಕೇಳಿದರೆ "ನಮ್ಮಪ್ಪ ಏರ್‌ಪೋರ್ಟಿನಲ್ಲಿ ಫೋನ್ ಎತ್ತುತ್ತಾರೆ" ಅನ್ನುತ್ತಿದ್ದಳು. ತಪ್ಪೇನಿಲ್ಲ, ನೂರಕ್ಕೆ ಎಂಬತ್ತು ಭಾಗ ಅದೇ ಕೆಲಸ.

ಉಳಿದ ಇಪ್ಪತ್ತು ಭಾಗ ಏನು ಅಂತ ಹೇಳುವುದು ಕಷ್ಟ. ಅದಕ್ಕೇ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಒಂದು ಪ್ರಕರಣ ಹೇಳುತ್ತೇನೆ. ನಮ್ಮ ದೇಶದ್ದಲ್ಲ. ಮೂವತ್ತು ವರ್ಷಕ್ಕೂ ಹಳೆಯದು. ಆದರೆ ಪಕ್ಕದ ಸೀಟು ಯಾಕೆ ಬೇಕು ಅನ್ನುವುದನ್ನು ಇದರಷ್ಟು ಬಿಡಿಸಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ.

ಮೊದಲು ಚೀಟಿಯ ವಿಷಯ ಹೇಳಬೇಕು. ನಾವು ಸ್ಟ್ರಿಪ್ ಅನ್ನುತ್ತೇವೆ. ಒಂದು ಗೇಣಿನಷ್ಟು ಉದ್ದ, ಹೆಬ್ಬೆರಳಿನಷ್ಟು ಅಗಲದ ಕಾಗದದ ಪಟ್ಟಿ. ಅದರಲ್ಲಿ ವಿಮಾನದ ಕರೆ ಹೆಸರು, ಯಾವ ಮಾದರಿ, ಎಲ್ಲಿಗೆ ಹೊರಟಿದೆ, ಯಾವ ರನ್‌ವೇ. ಪಟ್ಟಿಯನ್ನು ಪ್ಲಾಸ್ಟಿಕ್ ಹೋಲ್ಡರ್‌ಗೆ ಸಿಕ್ಕಿಸಿ, ಮೇಜಿನ ಮೇಲಿನ ಇಳಿಜಾರು ಚೌಕಟ್ಟಿನಲ್ಲಿ ಒಂದರ ಕೆಳಗೊಂದು ಇಡುತ್ತೇವೆ. ಆ ಚೌಕಟ್ಟಿಗೆ ಬೇ ಅಂತ ಹೆಸರು. ಹೊರಗೆ ವಿಮಾನಗಳು ಯಾವ ಸಾಲಿನಲ್ಲಿ ನಿಂತಿವೆಯೋ ಬೇನಲ್ಲಿ ಸ್ಟ್ರಿಪ್‌ಗಳು ಅದೇ ಸಾಲಿನಲ್ಲಿ. ವಿಮಾನ ರನ್‌ವೇ ಹತ್ತಿದರೆ ಅದರ ಸ್ಟ್ರಿಪ್ ರನ್‌ವೇ ಖಾನೆಗೆ ಹೋಗುತ್ತದೆ. ಜೀಪು ರನ್‌ವೇ ಮೇಲೆ ಇದ್ದರೆ ಕೆಂಪು ಪಟ್ಟಿಯೊಂದನ್ನು ಅಡ್ಡ ಇಡುತ್ತೇವೆ. ಹೋಲ್ಡರ್ ಬೇನಲ್ಲಿ ಕೂರುವಾಗ ಟಕ್ ಅಂತ ಸದ್ದು ಬರುತ್ತದೆ. ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ, ಏನೋ ಒಂದು ಜರುಗಿತು ಅಂತ. ಈಗ ಎಷ್ಟೋ ದೊಡ್ಡ ಟವರ್‌ಗಳಲ್ಲಿ ಇದೆಲ್ಲ ಸ್ಕ್ರೀನಿಗೆ ಬಂದಿದೆ. ಸದ್ದು ಹೋಗಿದೆ. ನನಗೆ ಅದೊಂದು ಕೊರತೆಯೇ.

ಈಗ ಪ್ರಕರಣ.

ಲಾಸ್ ಏಂಜಲೀಸ್ ಏರ್‌ಪೋರ್ಟಿನಲ್ಲಿ ನಾಲ್ಕು ರನ್‌ವೇ. ಉತ್ತರಕ್ಕೆ ಎರಡು, ದಕ್ಷಿಣಕ್ಕೆ ಎರಡು, ಮಧ್ಯೆ ಟರ್ಮಿನಲ್‌ಗಳು. ಉತ್ತರದ ಜೋಡಿಯಲ್ಲಿ ಟರ್ಮಿನಲ್‌ಗೆ ಹತ್ತಿರ ಇರುವುದು 24 ಎಡ, ಅದರಾಚೆಗೆ 24 ಬಲ. ಅಂದು ಶುಕ್ರವಾರ. ಸಂಜೆ ಆರು ಗಂಟೆಗೆ ಪೂರ್ತಿ ಕತ್ತಲಾಗಿತ್ತು. ಉತ್ತರದ ಎರಡು ರನ್‌ವೇಗಳನ್ನು ಒಬ್ಬ ಕಂಟ್ರೋಲರ್ ನೋಡಿಕೊಳ್ಳುತ್ತಿದ್ದರು. 24 ಎಡದಲ್ಲಿ ಏರುವ ವಿಮಾನವೂ ಇತ್ತು, ಇಳಿಯುವ ವಿಮಾನವೂ ಇತ್ತು. ಅದರ ಜೊತೆಗೆ, 24 ಬಲದಲ್ಲಿ ಇಳಿದ ವಿಮಾನಗಳು ಟರ್ಮಿನಲ್‌ಗೆ ಬರಬೇಕಾದರೆ 24 ಎಡವನ್ನು ದಾಟಲೇಬೇಕು. ಬೇರೆ ದಾರಿಯಿಲ್ಲ. ಹಳ್ಳಿಯ ಮಧ್ಯೆ ಹೈವೇ ಹೋದ ಹಾಗೆ.

ಸ್ಕೈವೆಸ್ಟ್ 5569 ಅನ್ನುವುದು ಒಂದು ಮೆಟ್ರೋಲೈನರ್. ಎರಡು ಪ್ರೊಪೆಲ್ಲರ್ ಇರುವ, ಸಣಕಲು ಮೈಯ ಪುಟ್ಟ ವಿಮಾನ. ಹತ್ತು ಜನ ಪ್ರಯಾಣಿಕರು, ಇಬ್ಬರು ಪೈಲಟ್‌ಗಳು. ಹತ್ತಿರದ ಪಾಮ್‌ಡೇಲ್‌ಗೆ ಹೊರಟಿತ್ತು. ಇಷ್ಟು ಚಿಕ್ಕ ವಿಮಾನಕ್ಕೆ ಪೂರ್ತಿ ರನ್‌ವೇ ಬೇಡ. ಹಾಗಾಗಿ ರನ್‌ವೇಯ ತುದಿಗೆ ಹೋಗದೆ, ಸ್ವಲ್ಪ ಒಳಗೆ 45 ಅನ್ನುವ ಅಡ್ಡದಾರಿಯಿಂದಲೇ ಹೊರಡುತ್ತೇವೆ ಅಂತ ಪೈಲಟ್ ಕೇಳಿದರು. ಇದು ಎಲ್ಲ ಕಡೆ ನಡೆಯುವಂಥದ್ದೇ.

6:04 ದಾಟಿತ್ತು. ಕಂಟ್ರೋಲರ್ ಸ್ಕೈವೆಸ್ಟ್‌ಗೆ ರನ್‌ವೇ ಮೇಲೆ ಬಂದು ಕಾಯಿರಿ ಅಂದರು. ಮುಂದೆ ಬೇರೆ ವಿಮಾನ ದಾಟಬೇಕಿತ್ತು, ಅದಕ್ಕೆ ಕಾಯಿಸಿದ್ದು. ಸ್ಕೈವೆಸ್ಟ್ ಆಯ್ತು ಅಂದಿತು. ರೇಡಿಯೋದಲ್ಲಿ ಅದು ಆಡಿದ ಕೊನೆಯ ಮಾತು ಅದೇ. ಬಂದು, ಕತ್ತಲಲ್ಲಿ, 24 ಎಡದ ನಡುಗೆರೆಯ ಮೇಲೆ ಹೇಳಿದ ಹಾಗೆ ನಿಂತುಕೊಂಡಿತು.

ದಾಟಬೇಕಿದ್ದ ವಿಮಾನ ವಿಂಗ್ಸ್‌ವೆಸ್ಟ್ 5006. ಅದೂ ಮೆಟ್ರೋಲೈನರೇ. ಕಂಟ್ರೋಲರ್ ಕರೆದರೆ ಉತ್ತರ ಇಲ್ಲ. ಮತ್ತೆ ಕರೆದರು. ಅದರ ಪೈಲಟ್‌ಗಳು ತಪ್ಪಿ ಬೇರೆ ಫ್ರೀಕ್ವೆನ್ಸಿಗೆ ಹೋಗಿಬಿಟ್ಟಿದ್ದರು. ರನ್‌ವೇ ಪಕ್ಕ ನಿಂತಿರುವ ವಿಮಾನ ಮಾತಿಗೆ ಸಿಗದಿದ್ದರೆ ಜೀವ ಹೇಗೆ ಬಾಯಿಗೆ ಬರುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಅದನ್ನು ಹುಡುಕಿ ಹಿಡಿದು ದಾಟಿಸುವುದರಲ್ಲಿ ಅವರ ಗಮನವೆಲ್ಲ ಅತ್ತ ಹೋಯಿತು. ಅಷ್ಟರಲ್ಲಿ ಯುಎಸ್‌ಏರ್ 1493, ಒಂದು ಬೋಯಿಂಗ್ 737, ಇಳಿಯಲು ಬರುತ್ತಾ ಕರೆಯಿತು. 6:05ರ ಕೊನೆಯಲ್ಲಿ ಕಂಟ್ರೋಲರ್ ಅದಕ್ಕೆ 24 ಎಡದಲ್ಲಿ ಇಳಿಯಲು ಅನುಮತಿ ಕೊಟ್ಟರು.

ಸ್ಕೈವೆಸ್ಟ್ ಆಗಲೂ ಅಲ್ಲೇ ನಿಂತಿತ್ತು. ಒಂದು ನಿಮಿಷದ ಹಿಂದೆ ಅವರೇ ನಿಲ್ಲಿಸಿದ್ದು. ಮನಸ್ಸಿನಿಂದ ಜಾರಿಹೋಗಿತ್ತು.

ಇನ್ನೂ ಒಂದು ನಿಮಿಷ ಇತ್ತು. ಇಲ್ಲಿ ನಾನು ಕಥೆ ನಿಲ್ಲಿಸಿ ಹುಡುಗರ ಮುಖ ನೋಡುತ್ತೇನೆ. ಒಂದು ನಿಮಿಷ ಟವರ್‌ನಲ್ಲಿ ಸಣ್ಣದೇನಲ್ಲ. ಆ ಒಂದು ನಿಮಿಷದಲ್ಲಿ ಯಾವ ಕ್ಷಣದಲ್ಲಾದರೂ ಒಬ್ಬರು ತಲೆಯೆತ್ತಿ "ಸ್ಕೈವೆಸ್ಟ್ ಎಲ್ಲಿ?" ಅಂದಿದ್ದರೆ ಸಾಕಿತ್ತು. 737ಕ್ಕೆ ಮೇಲೇರಿ ಅಂದರೆ ಮುಗಿಯಿತು. ಆದರೆ ಆ ನಿಮಿಷವನ್ನು ನುಂಗಿದ್ದು ಒಂದು ಚೀಟಿ.

ಮತ್ತೊಂದು ಮೆಟ್ರೋಲೈನರ್, ವಿಂಗ್ಸ್‌ವೆಸ್ಟ್ 5072, ಹೊರಡಲು ರೆಡಿ ಅಂತ ಕರೆಯಿತು. ಕಂಟ್ರೋಲರ್ ಬೇ ನೋಡಿದರೆ ಅದರ ಸ್ಟ್ರಿಪ್ ಇಲ್ಲ. ನೀವು ರನ್‌ವೇಯ ತುದಿಯಲ್ಲಿದ್ದೀರೋ, ಅಡ್ಡದಾರಿಯಲ್ಲಿದ್ದೀರೋ ಅಂತ ಕೇಳಿದರು. ತುದಿಯಲ್ಲಿದ್ದೇವೆ ಅಂತ ಉತ್ತರ ಬಂತು. ಸ್ಟ್ರಿಪ್‌ಗಾಗಿ ಹುಡುಕಾಟ ಶುರುವಾಯಿತು. ಅದು ಎಲ್ಲೂ ಕಳೆದುಹೋಗಿರಲಿಲ್ಲ. ಅದೇ ಕೋಣೆಯಲ್ಲಿ, ಹೊರಡುವ ಮುನ್ನ ವಿಮಾನಕ್ಕೆ ದಾರಿಯ ಒಪ್ಪಿಗೆ ಕೊಡುವ ಕ್ಲಿಯರೆನ್ಸ್ ಡೆಲಿವರಿ ಮೇಜಿನಲ್ಲೇ ಉಳಿದುಬಿಟ್ಟಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಸಿಗುವ ಕಡೆ. ಈ ಗೊಂದಲದಲ್ಲಿ ಅವರ ತಲೆಯಲ್ಲಿ ಎರಡು ಮೆಟ್ರೋಲೈನರ್‌ಗಳು ಒಂದರಲ್ಲೊಂದು ಸೇರಿಹೋದವು. ಕತ್ತಲಲ್ಲಿ ದೂರದಿಂದ ನೋಡಿದರೆ ಎರಡೂ ಒಂದೇ ಆಕಾರ, ಒಂದೇ ದೀಪ.

ಸಂಜೆ 6:07ಕ್ಕೆ 737ರ ಚಕ್ರಗಳು ರನ್‌ವೇ ಮುಟ್ಟಿದವು. ಮೂತಿ ಕೆಳಗಿಳಿಯುವ ಹೊತ್ತಿಗೆ ಪೈಲಟ್‌ಗೆ ಎದುರಿನ ವಿಮಾನ ಕಂಡಿತು. ಏನು ಮಾಡಲೂ ಹೊತ್ತಿರಲಿಲ್ಲ. ಸ್ಕೈವೆಸ್ಟ್ 737ರ ಅಡಿಗೆ ಸಿಕ್ಕಿಕೊಂಡಿತು. ಎರಡೂ ಬೆಂಕಿ ಹತ್ತಿಕೊಂಡು ಜಾರುತ್ತಾ ರನ್‌ವೇಯ ಎಡಕ್ಕೆ ಹೋಗಿ ಬಳಕೆಯಲ್ಲಿಲ್ಲದ ಹಳೆಯ ಫೈರ್ ಸ್ಟೇಷನ್ ಕಟ್ಟಡಕ್ಕೆ ಗುದ್ದಿ ನಿಂತವು. ಸ್ಕೈವೆಸ್ಟ್‌ನ ಹನ್ನೆರಡು ಜನರಲ್ಲಿ ಯಾರೂ ಉಳಿಯಲಿಲ್ಲ. 737ರಲ್ಲಿದ್ದ 89 ಜನರಲ್ಲಿ 23 ಜನ ಹೋದರು. ಅವರಲ್ಲಿ ಹೆಚ್ಚಿನವರ ಜೀವ ತೆಗೆದದ್ದು ಹೊಗೆ. ಒಟ್ಟು 35.

"ತಪ್ಪು ಯಾರದು ಸಾರ್?" ಪ್ರತಿ ಬ್ಯಾಚಿನಲ್ಲೂ ಮೊದಲ ಪ್ರಶ್ನೆ ಇದೇ. ಹೋದ ಸಲ ಕೇಳಿದ ಹುಡುಗಿ ಉತ್ತರವನ್ನೂ ತಾನೇ ಕೊಟ್ಟಳು: "ಕಂಟ್ರೋಲರ್‌ದೇ ಅಲ್ವಾ ಸಾರ್? ಅವರೇ ನಿಲ್ಲಿಸಿ ಅವರೇ ಮರೆತರು."

"ಹೌದಮ್ಮ, ಮರೆತರು. ಆದರೆ ಮರೆಯುವುದು ಯಾವಾಗಲೋ ಒಮ್ಮೆ ಆಗೇ ಆಗುತ್ತೆ. ಆಗ ನೆನಪಿಸೋರು ಯಾರು ಇದ್ದರು, ಅದನ್ನ ಹೇಳು."

ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಕೂಡ ಹೆಚ್ಚುಕಡಿಮೆ ಇದೇ ಪ್ರಶ್ನೆ ಹಿಡಿದು ಹೋಯಿತು. ಕಂಟ್ರೋಲರ್ ಮರೆತದ್ದನ್ನು ಅದು ಮುಚ್ಚಿಡಲಿಲ್ಲ. ಆದರೆ ಅಪಘಾತಕ್ಕೆ ಕಾರಣ ಅಂತ ಬೆರಳು ತೋರಿಸಿದ್ದು ಟವರ್‌ನ ಆಡಳಿತದ ಕಡೆಗೆ, ಅದರ ಮೇಲಿದ್ದ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕಡೆಗೆ. ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿಯುವ ವ್ಯವಸ್ಥೆ ದೇಶದ ನಿಯಮಪುಸ್ತಕದಲ್ಲಿತ್ತು. ಆ ಟವರ್‌ನ ಒಳನಿಯಮಗಳಲ್ಲಿ ಅಷ್ಟರಮಟ್ಟಿಗೆ ಇರಲಿಲ್ಲ. ಕೆಲಸ ಬೇಗ ಸಾಗಲಿ ಅಂತ ಒಂದೊಂದು ಕೊಂಡಿ ಕಳಚಿಕೊಂಡಿತ್ತು. ಹೊರಡುವ ವಿಮಾನದ ಸ್ಟ್ರಿಪ್, ವಿಮಾನಗಳನ್ನು ರನ್‌ವೇ ತನಕ ನೆಲದ ಮೇಲೆ ನಡೆಸುವ ಗ್ರೌಂಡ್ ಕಂಟ್ರೋಲರ್ ಕೈದಾಟಿ ಬರುವ ಪದ್ಧತಿ ಇರಲಿಲ್ಲ. ಹಾಗೆ ಬಂದಿದ್ದರೆ ವಿಮಾನ ಯಾವ ಅಡ್ಡದಾರಿಯಿಂದ ಹೊರಡುತ್ತದೆ ಅನ್ನುವುದನ್ನು ಗುರುತು ಹಾಕಲು ಒಬ್ಬರಿಗೆ ಅವಕಾಶ ಇರುತ್ತಿತ್ತು. 5072ರ ಸ್ಟ್ರಿಪ್ ಇನ್ನೂ ಬಂದಿಲ್ಲವಲ್ಲ ಅಂತಲೂ ಗೊತ್ತಾಗುತ್ತಿತ್ತು.

ಬೇರೆ ತೂತುಗಳೂ ಇದ್ದವು. ನೆಲದ ಮೇಲಿನ ವಿಮಾನ ತೋರಿಸುವ ರೇಡಾರ್ ಅಂದು ಕೆಟ್ಟಿತ್ತು. ಟರ್ಮಿನಲ್‌ನ ಎತ್ತರದ ದೀಪಕಂಬಗಳ ಬೆಳಕು ಕಣ್ಣಿಗೆ ಹೊಡೆದು, ಟವರ್‌ನಿಂದ ಆ ಅಡ್ಡದಾರಿಯ ಜಾಗ ಸರಿಯಾಗಿ ಕಾಣುತ್ತಿರಲಿಲ್ಲ. ಹಿಂದಿನಿಂದ ನೋಡಿದರೆ ಸ್ಕೈವೆಸ್ಟ್‌ನ ದೀಪಗಳು ರನ್‌ವೇ ದೀಪಗಳ ಸಾಲಿನಲ್ಲೇ ಬೆರೆತುಹೋಗುತ್ತಿದ್ದವು. ಇನ್ನೂ ಒಂದು, ನನ್ನನ್ನು ಜಾಸ್ತಿ ಕಾಡುವುದು: ಅದೇ ಕಂಟ್ರೋಲರ್‌ ಕೆಲಸವನ್ನು ಕೆಲವೇ ವಾರಗಳ ಹಿಂದೆ ಮೇಲಿನವರೊಬ್ಬರು ಪಕ್ಕದಲ್ಲಿ ಕೂತು ಪರೀಕ್ಷಿಸಿದ್ದರು. ವಿಮಾನದ ಹೆಸರು ಅದಲು ಬದಲಾಗುವುದು, ಯಾವ ವಿಮಾನ ಎಲ್ಲಿದೆ ಅನ್ನುವ ಹಿಡಿತ ತಪ್ಪುವುದು, ಇವೆಲ್ಲ ಅವರ ಬರಹದಲ್ಲಿ ದಾಖಲಾಗಿದ್ದವು. ದಾಖಲಾದದ್ದು ಹಾಗೇ ಉಳಿಯಿತು. ತಿದ್ದುವ ಕೆಲಸ ಆಗಲಿಲ್ಲ. ಫೈಲಿಗೆ ಹೋದ ಕಾಗದಕ್ಕೂ ಕ್ಲಿಯರೆನ್ಸ್ ಮೇಜಿನಲ್ಲಿ ಉಳಿದ ಸ್ಟ್ರಿಪ್‌ಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ. ಎರಡನ್ನೂ ಎತ್ತಿ ಬೇಕಾದವರ ಕೈಗೆ ಕೊಡುವವರು ಇರಲಿಲ್ಲ.

ಈಗ ನಮ್ಮ ಸೀಟಿಗೆ ಬರೋಣ. ಸ್ಕೈವೆಸ್ಟ್‌ಗೆ ಕಾಯಿರಿ ಅಂದಲ್ಲಿಂದ ಡಿಕ್ಕಿಯ ತನಕದ ಆ ಎರಡೂಕಾಲು ನಿಮಿಷದಲ್ಲಿ ಪಕ್ಕದಲ್ಲಿ ಕೂತ ಕೋಆರ್ಡಿನೇಟರ್ ಏನು ಮಾಡಬೇಕಿತ್ತು? ಹುಡುಗರು ತಕ್ಷಣ "ಅಪಾಯ ಅಂತ ಕೂಗಬೇಕಿತ್ತು" ಅನ್ನುತ್ತಾರೆ. ಅಷ್ಟು ದೂರ ಹೋಗುವುದೇ ಬೇಡ. 5006 ಉತ್ತರ ಕೊಡದಿದ್ದಾಗ ಕೋಆರ್ಡಿನೇಟರ್ ಗ್ರೌಂಡ್‌ನವರ ಕಡೆ ತಿರುಗಿ "ಐದು ಸಾವಿರದ ಆರು ನಿಮ್ಮ ಹತ್ತಿರ ಇದೆಯಾ?" ಅಂತ ಕೇಳಬಹುದು. ಕಂಟ್ರೋಲರ್ ಕಣ್ಣು ರನ್‌ವೇ ಮೇಲೇ ಇರುತ್ತದೆ. 5072ರ ಸ್ಟ್ರಿಪ್ ಕಾಣದಿದ್ದಾಗ ಎದ್ದು ಹೋಗಿ ತರುವುದು ಅವರ ಕೆಲಸ. 737ಕ್ಕೆ ಅನುಮತಿ ಕೊಡುವಾಗ ರನ್‌ವೇ ಖಾನೆಯಲ್ಲಿ ಇನ್ನೊಂದು ಸ್ಟ್ರಿಪ್ ಕಂಡರೆ ಅದರ ಮೇಲೆ ಬೆರಳಿಡುವುದೂ ಅವರ ಕೆಲಸ. ಬಾಯಿ ಬಿಡಬೇಕಾಗಿಲ್ಲ. ಬೆರಳು ಸಾಕು. ನಮ್ಮ ಹಿರಿಯರೊಬ್ಬರು ಪೆನ್ನಿನ ಹಿಂಬದಿಯಿಂದ ಹೋಲ್ಡರ್ ಮೇಲೆ ಟಕ್ ಟಕ್ ಅಂತ ಎರಡು ಸಲ ತಟ್ಟುತ್ತಿದ್ದರು. ಅಷ್ಟೇ. ಇಡೀ ಪಾಳಿಯಲ್ಲಿ ಹತ್ತು ಮಾತು ಆಡುತ್ತಿರಲಿಲ್ಲ. ಅವರು ಪಕ್ಕದಲ್ಲಿದ್ದರೆ ಕಂಟ್ರೋಲರ್‌ಗಳಿಗೆ ಏನೋ ಧೈರ್ಯ.

ಹಾಗಂತ ಪಕ್ಕದ ಸೀಟಿನಲ್ಲಿ ಯಾರೋ ಒಬ್ಬರು ಕೂತುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಕೆಟ್ಟ ಕೋಆರ್ಡಿನೇಟರ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲು ಅನ್ನಿಸಿದ್ದೂ ಉಂಟು. ಶುರುವಿನ ದಿನಗಳಲ್ಲಿ ನಾನೇ ಅಂಥವನು. ಫೋನ್ ಬಂದ ತಕ್ಷಣ ಪಕ್ಕಕ್ಕೆ ತಿರುಗಿ ಒಪ್ಪಿಸಿಬಿಡುವುದು. ಒಮ್ಮೆ ಒಂದು ವಿಮಾನ ಇನ್ನೇನು ನೆಲ ಮುಟ್ಟಬೇಕು, ನಾನು ಮುಂದಿನ ಗಂಟೆಯ ಯಾವುದೋ ವಿಐಪಿ ವಿಮಾನದ ಸಮಯ ಹೇಳಲು ಹೋದೆ. ಕಂಟ್ರೋಲರ್ ಮೇಡಂ ಕಿಟಕಿಯಿಂದ ಕಣ್ಣು ತೆಗೆಯದೆ ಎಡಗೈ ಅಂಗೈ ತೋರಿಸಿದರು, ತಡಿ ಅನ್ನುವ ಹಾಗೆ. ವಿಮಾನ ರನ್‌ವೇ ಬಿಟ್ಟ ಮೇಲೆ "ಈಗ ಹೇಳಿ" ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಯಾವ ಮಾತು ಈಗಲೇ ಹೇಳಬೇಕು, ಯಾವುದು ಎರಡು ನಿಮಿಷ ಕಾಯಬಹುದು, ಯಾವುದನ್ನು ಚೀಟಿಯಲ್ಲಿ ಬರೆದು ಮುಂದಿಟ್ಟರೆ ಸಾಕು, ಇದು ಯಾವ ಪುಸ್ತಕದಲ್ಲೂ ಇಲ್ಲ.

ಇನ್ನೊಂದು ಸಲ ನನ್ನ ತಪ್ಪು ಇದಕ್ಕಿಂತ ದೊಡ್ಡದು. ಬೆಳಗಿನ ಜಾವ ಪಾಳಿ ಬದಲಾಗುವ ಹೊತ್ತು. ತಪಾಸಣೆಯ ಜೀಪು ರನ್‌ವೇ ಮೇಲಿತ್ತು. ಬಂದವರಿಗೆ ಗಾಳಿ, ಮಂಜು, ತಡವಾದ ವಿಮಾನಗಳು ಎಲ್ಲ ಹೇಳಿದೆ. ಜೀಪು ಹೇಳಲು ಮರೆತೆ. ಹೆಡ್‌ಸೆಟ್ ತೆಗೆದು ಚೀಲ ಎತ್ತಿಕೊಂಡಿದ್ದೆ. ಅವರು ಬೇ ನೋಡಿ "ಈ ಕೆಂಪು ಯಾಕೆ ಸಾರ್ ಇನ್ನೂ ಇದೆ?" ಅಂದರು. ಯಾವ ವಿಮಾನವೂ ಹತ್ತಿರ ಇರಲಿಲ್ಲ, ಏನೂ ಆಗುತ್ತಿರಲಿಲ್ಲ. ಆದರೂ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೈ ನಡುಗುತ್ತಿತ್ತು.

ಇದೆಲ್ಲ ಕಾಗದದ ಕಾಲದ್ದು, ಈಗ ಹಾಗಾಗಲ್ಲ ಅನ್ನುವವರಿಗೆ ನಾನು ನಮ್ಮ ಬೆಂಗಳೂರನ್ನೇ ತೋರಿಸುತ್ತೇನೆ. ಜನವರಿ 7, 2022ರ ಬೆಳಗ್ಗೆ, ಕೆಂಪೇಗೌಡ ವಿಮಾನ ನಿಲ್ದಾಣ. ಅಲ್ಲಿ 2019ರ ಡಿಸೆಂಬರ್‌ನಿಂದ ಎರಡು ರನ್‌ವೇ. ಅಂದು ಉತ್ತರದ್ದು ಏರುವುದಕ್ಕೆ, ದಕ್ಷಿಣದ್ದು ಇಳಿಯುವುದಕ್ಕೆ ನಡೆಯುತ್ತಿತ್ತು. ಆಮೇಲೆ ಎಲ್ಲವನ್ನೂ ಉತ್ತರದಲ್ಲೇ ನಡೆಸೋಣ ಅಂತ ತೀರ್ಮಾನವಾಯಿತು. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪ್ರಾಥಮಿಕ ವರದಿಯ ಪ್ರಕಾರ ಆ ತೀರ್ಮಾನ ದಕ್ಷಿಣದ ರನ್‌ವೇ ನೋಡುತ್ತಿದ್ದ ಕಂಟ್ರೋಲರ್‌ಗೆ ತಲುಪಲೇ ಇಲ್ಲ. ಅವರು ಕೋಲ್ಕತ್ತದ ವಿಮಾನಕ್ಕೆ ಹೊರಡಿ ಅಂದರು. ಉತ್ತರದವರು ಭುವನೇಶ್ವರದ ವಿಮಾನಕ್ಕೆ ಹೊರಡಿ ಅಂದರು. ಎರಡೂ ಏರಿದವು, ಏರಿ ಒಂದರ ಕಡೆಗೊಂದು ತಿರುಗತೊಡಗಿದವು. ಎರಡರಲ್ಲೂ ಸೇರಿ 426 ಜನ. ಅಪ್ರೋಚ್ ರೇಡಾರ್‌ನಲ್ಲಿ ಕೂತಿದ್ದ ಕಂಟ್ರೋಲರ್ ಅದನ್ನು ಕಂಡು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಯಾರಿಗೂ ಏನೂ ಆಗಲಿಲ್ಲ. ಮೊದಲು ಅದು ಲಾಗ್‌ಬುಕ್ಕಿಗೂ ಬರಲಿಲ್ಲ, ಹತ್ತು ಹನ್ನೆರಡು ದಿನ ಬಿಟ್ಟು ಪತ್ರಿಕೆಗಳಲ್ಲಿ ಬಂತು.

ಲಾಸ್ ಏಂಜಲೀಸ್‌ನಲ್ಲಿ ತಲುಪದೆ ಉಳಿದದ್ದು ಒಂದು ಚೀಟಿ. ಬೆಂಗಳೂರಿನಲ್ಲಿ ಒಂದು ವಾಕ್ಯ. ದಕ್ಷಿಣ ಬಂದ್, ಎಲ್ಲ ಉತ್ತರಕ್ಕೆ. ಹೇಳಲು ಮೂರು ಸೆಕೆಂಡ್ ಸಾಕು. ಹೇಳಿ, ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳುವ ತನಕ ಫೋನ್ ಇಡಬಾರದು. ನಮ್ಮ ಫೋನ್ ಎತ್ತುವ ಕೆಲಸ ಅಂದರೆ ಇದು. ವ್ಯತ್ಯಾಸ ಏನೆಂದರೆ ಬೆಂಗಳೂರಿನಲ್ಲಿ ಇನ್ನೊಬ್ಬರು ನೋಡುತ್ತಿದ್ದರು.

ಲಾಸ್ ಏಂಜಲೀಸ್ ಆದ ಮೇಲೆ ಅಮೆರಿಕದಲ್ಲಿ ಸುಮಾರು ಬದಲಾವಣೆ ಬಂತು. ಸೂರ್ಯ ಮುಳುಗಿದ ಮೇಲೆ ಅಡ್ಡದಾರಿಯಿಂದ ಬಂದ ವಿಮಾನವನ್ನು ರನ್‌ವೇ ಮೇಲೆ ಸುಮ್ನೆ ನಿಲ್ಲಿಸಿ ಕಾಯಿಸುವುದಕ್ಕೆ ಕಟ್ಟುನಿಟ್ಟು ಬಂತು. 1996ರಲ್ಲಿ ಆ ಏರ್‌ಪೋರ್ಟಿಗೆ ಎತ್ತರದ ಹೊಸ ಟವರ್ ಬಂತು. ಒಳಗಿನ ರನ್‌ವೇ ಹೆಚ್ಚಾಗಿ ಏರುವುದಕ್ಕೆ, ಹೊರಗಿನದು ಇಳಿಯುವುದಕ್ಕೆ ಅಂತ ಹಂಚಿಕೆಯಾಯಿತು. 2009ರ ಹೊತ್ತಿಗೆ, ರನ್‌ವೇಗೆ ಬರುವುದು ಅಪಾಯ ಅನ್ನುವಾಗ ತಾವಾಗಿಯೇ ಕೆಂಪಗೆ ಉರಿಯುವ ದೀಪಗಳನ್ನೂ ಅಲ್ಲಿ ನೆಲದಲ್ಲಿ ಹೂಳಿದರು. ಅದಕ್ಕೆ ಮನುಷ್ಯರ ನೆನಪು ಬೇಕಾಗಿಲ್ಲ, ಕಂಟ್ರೋಲರ್ ಮರೆತರೂ ದೀಪ ಉರಿಯುತ್ತದೆ. ಒಳ್ಳೆಯದೇ. ಆದರೆ ಅಂಥ ದೀಪ ಇಲ್ಲದ ಏರ್‌ಪೋರ್ಟ್‌ಗಳೇ ಲೋಕದಲ್ಲಿ ಜಾಸ್ತಿ.

ಈ ಪ್ರಕರಣ ಹೇಳಿದ ಮಾರನೆಯ ದಿನ ನಾನು ಸಿಮ್ಯುಲೇಟರ್ ಕೋಣೆಯಲ್ಲಿ ಒಂದು ಆಟ ಆಡುತ್ತೇನೆ. ಹುಡುಗರು ಕಂಟ್ರೋಲರ್, ಗ್ರೌಂಡ್, ಕ್ಲಿಯರೆನ್ಸ್, ಕೋಆರ್ಡಿನೇಟರ್ ಅಂತ ಹಂಚಿಕೊಂಡು ಕೂತಿರುತ್ತಾರೆ. ಸ್ಕ್ರೀನಿನಲ್ಲಿ ವಿಮಾನಗಳು ಓಡಾಡುತ್ತಿರುತ್ತವೆ. ಒತ್ತಡ ಜಾಸ್ತಿ ಆದಾಗ, ಎಲ್ಲರೂ ಮಾತಿನಲ್ಲಿರುವಾಗ, ನಾನು ಹಿಂದಿನಿಂದ ಬಂದು ಕ್ಲಿಯರೆನ್ಸ್ ಮೇಜಿನಿಂದ ಒಂದು ಸ್ಟ್ರಿಪ್ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಆಮೇಲೆ ಗಡಿಯಾರ ನೋಡುತ್ತಾ ನಿಲ್ಲುತ್ತೇನೆ. ಹೋದ ಬ್ಯಾಚಿನಲ್ಲಿ, "ತಪ್ಪು ಕಂಟ್ರೋಲರ್‌ದೇ" ಅಂದಿದ್ದ ಹುಡುಗಿಯೇ ಕೋಆರ್ಡಿನೇಟರ್ ಸೀಟಿನಲ್ಲಿದ್ದಳು. ಫೋನ್ ಕಿವಿಯಲ್ಲಿಟ್ಟುಕೊಂಡೇ ಬೇ ಮೇಲೆ ಒಮ್ಮೆ ಬೆರಳಾಡಿಸಿದಳು, ಮತ್ತೊಮ್ಮೆ ಆಡಿಸಿದಳು. ನಲವತ್ತು ಸೆಕೆಂಡ್ ಆಗಿರಬೇಕು. ತಿರುಗಿ ನನ್ನ ಜೇಬು ನೋಡಿದಳು.

"ಸಾರ್, ಅದು ಕೊಡಿ."